ಮನೆತನ ಒಂದೇ, ಯಂತ್ರ ಬೇರೆ: ಹಳೆಯ ಮಿನಿಕಂಪ್ಯೂಟರುಗಳ ಅನುಕರಣೆ

ಕೋಲಾರ ಚಿನ್ನದ ಗಣಿಯ ಚಾಂಪಿಯನ್ ರೀಫ್ ಭಾಗದಲ್ಲಿ, ನೆಲದಿಂದ ಸುಮಾರು 2.3 ಕಿಲೋಮೀಟರ್ ಆಳದಲ್ಲಿ, 1965ರಲ್ಲಿ ವಾಯುಮಂಡಲದ ನ್ಯೂಟ್ರಿನೋಗಳ ಸುಳಿವು ಸಿಕ್ಕಿದ ಸಂಗತಿಯನ್ನು ನೀವು ಓದಿರಬಹುದು. ಅದೇ ವರ್ಷ ದಕ್ಷಿಣ ಆಫ್ರಿಕದ ಒಂದು ಚಿನ್ನದ ಗಣಿಯಲ್ಲೂ ಅಂಥದೇ ಸುಳಿವು ದೊರೆಯಿತು. ಹತ್ತು ವರ್ಷಗಳ ನಂತರ, 1975ರಲ್ಲಿ, ಕೋಲಾರದ ಗಣಿಯಲ್ಲಿ ದುಡಿಯುತ್ತಿದ್ದ ಭಾರತ–ಜಪಾನ್ ತಂಡ ಕೆಲವು ವಿಚಿತ್ರ ಜಾಡುಗಳನ್ನು ವರದಿ ಮಾಡಿತು. ಅವು ಬಂಡೆಯೊಳಗಿನಿಂದ ಹೊರಟಂತೆ ಕಾಣದೆ, ಬಂಡೆಗೂ ಉಪಕರಣಕ್ಕೂ ನಡುವಣ ಜಾಗದಲ್ಲಿ ಒಂದು ಬಿಂದುವಿನಿಂದ ಕವಲೊಡೆದಂತೆ ಕಾಣುತ್ತಿದ್ದವು. ಭೌತವಿಜ್ಞಾನಿಗಳು ಇವನ್ನು ಇಂದಿಗೂ ‘ಕೋಲಾರ ಘಟನೆಗಳು’ ಎಂದೇ ಕರೆಯುತ್ತಾರೆ.

ಈ ಘಟನೆಗಳಿಗೆ ಖಚಿತ ವಿವರಣೆ ಸಿಗಲಿಲ್ಲ. ಆದರೆ ಸುಮಾರು ನಾಲ್ಕು ದಶಕಗಳ ನಂತರ, 2014ರಲ್ಲಿ, ಎಂ. ವಿ. ಎನ್. ಮೂರ್ತಿ ಮತ್ತು ಜಿ. ರಾಜಶೇಖರನ್ ಅವರು ‘ಪ್ರಮಾಣ’ ಪತ್ರಿಕೆಯಲ್ಲಿ ಇವನ್ನು ಮತ್ತೆ ಎತ್ತಿಕೊಂಡು, ಕಪ್ಪುದ್ರವ್ಯದ ಕಣಗಳು ಕ್ಷಯಿಸಿದ್ದರಿಂದ ಇವು ಉಂಟಾಗಿರಬಹುದೇ ಎಂಬ ಪ್ರಶ್ನೆಯನ್ನು ಮುಂದಿಟ್ಟರು. ಆ ವೇಳೆಗೆ ಗಣಿ ಮುಚ್ಚಿ ಹದಿಮೂರು ವರ್ಷಗಳಾಗಿದ್ದವು. 2001ರ ಫೆಬ್ರವರಿ 28ರಂದು ಅದರ ಕೆಲಸ ನಿಂತಿತ್ತು. ಅದೇ ಆಳಕ್ಕೆ ಇಳಿದು ಅದೇ ಅಳತೆಯನ್ನು ಮತ್ತೆ ಮಾಡುವಂತಿಲ್ಲ. 1975ರ ವಿವರಗಳು ಮುದ್ರಿತ ಲೇಖನದಲ್ಲಿದ್ದವು. ಕಾಗದವನ್ನು ಓದಲು ಕಣ್ಣು ಸಾಕು.

ಅಳತೆಯ ವಿವರ ಕಾಗದದಲ್ಲಿರದೆ, ಹಳೆಯ ಕಂಪ್ಯೂಟರಿನ ಫ್ಲಾಪಿಯಲ್ಲಿ ಮಾತ್ರ ಇದ್ದರೆ? ಅದನ್ನು ಓದುವ ತಂತ್ರಾಂಶ ಆ ಯಂತ್ರದಲ್ಲಿ ಮಾತ್ರ ನಡೆಯುವಂಥದಾದರೆ? ಆ ಯಂತ್ರ ಗುಜರಿಗೆ ಹೋಗಿದ್ದರೆ? ಇಂಥ ಪ್ರಶ್ನೆಗೆ ಇರುವ ಒಂದು ಉತ್ತರ ಅನುಕರಣೆ, ಅಂದರೆ ಎಮ್ಯುಲೇಷನ್. ಅದು ಹೇಗೆ ನಡೆಯುತ್ತದೆ, ಅದರಲ್ಲಿ ಎಲ್ಲಿ ಎಡವುತ್ತೇವೆ ಎಂಬುದನ್ನು ಪಿಡಿಪಿ-11 ಎಂಬ ಮಿನಿಕಂಪ್ಯೂಟರ್ ಮನೆತನವನ್ನು ಉದಾಹರಣೆಯಾಗಿ ಇಟ್ಟುಕೊಂಡು ನೋಡೋಣ.

ಹೆಂಚು ಮತ್ತು ಒಪ್ಪಂದ

ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್, ಚಿಕ್ಕದಾಗಿ ಡೆಕ್, 1970ರಲ್ಲಿ ಪಿಡಿಪಿ-11 ಅನ್ನು ಹೊರತಂದಿತು. ಮೊದಲ ಮಾದರಿ 11/20. ಮುಂದೆ 1972ರಲ್ಲಿ 11/45, 1975ರಲ್ಲಿ ದೊಡ್ಡದಾದ 11/70, ಅದೇ ವರ್ಷ ಒಂದೇ ಫಲಕದ ಮೇಲೆ ಕೂರುವ ಚಿಕ್ಕ ಎಲ್‌ಎಸ್‌ಐ-11 ಅಂದರೆ 11/03, ಹೀಗೆ 1990ರ 11/94ರವರೆಗೆ ಇಪ್ಪತ್ತಕ್ಕೂ ಹೆಚ್ಚು ಮಾದರಿಗಳು ಬಂದವು. ಒಟ್ಟು ಸುಮಾರು 6 ಲಕ್ಷ ಯಂತ್ರಗಳು ಮಾರಾಟವಾದವೆಂದು ಅಂದಾಜು. ಪ್ರಯೋಗಾಲಯದ ಉಪಕರಣಕ್ಕೆ ನೇರವಾಗಿ ಜೋಡಿಸಿ ಅಳತೆಗಳನ್ನು ಸಂಗ್ರಹಿಸಲು ಭೌತವಿಜ್ಞಾನಿಗಳು ಇದನ್ನು ಬಹಳ ಬಳಸಿದರು. ಯುನಿಕ್ಸ್ ಕಾರ್ಯಾಚರಣ ವ್ಯವಸ್ಥೆ ಬೆಳೆದದ್ದು, ಸಿ ಭಾಷೆ ರೂಪುಗೊಂಡದ್ದು ಈ ಯಂತ್ರಗಳ ಮೇಲೆಯೇ.

ಇಷ್ಟು ಮಾದರಿಗಳನ್ನು ಒಂದು ಮನೆತನವೆಂದು ಕರೆಯುವುದು ಏಕೆ? ಮಾಲೂರಿನ ಹೆಂಚನ್ನು ನೆನೆಯಿರಿ. ಹೆಂಚಿನ ಅಳತೆ, ಅಂಚಿನ ತೋಡು, ಕೊಕ್ಕೆಯ ಸ್ಥಾನ ಇವು ಗೊತ್ತಾದ ಸಂಗತಿಗಳು. ಯಾವ ಕಾರ್ಖಾನೆಯ ಹೆಂಚಾದರೂ ಅದೇ ರೀಪಿನ ಮೇಲೆ ಕೂರುತ್ತದೆ. ಆದರೆ ಮಣ್ಣು ಯಾವ ಕೆರೆಯದು, ಗೂಡಿನಲ್ಲಿ ಎಷ್ಟು ಹೊತ್ತು ಸುಟ್ಟರು ಎಂಬುದು ಕಾರ್ಖಾನೆಯಿಂದ ಕಾರ್ಖಾನೆಗೆ ಬೇರೆ. ಕಂಪ್ಯೂಟರ್ ಮನೆತನವೂ ಹೀಗೆಯೇ. ‘ಈ ಸಂಖ್ಯೆ ಬಂದರೆ ಈ ಕೆಲಸ ಮಾಡಬೇಕು’ ಎಂಬ ಆದೇಶಗಳ ಪಟ್ಟಿ ಎಲ್ಲ ಮಾದರಿಗಳಿಗೂ ಸಮಾನ. ಅದೊಂದು ಒಪ್ಪಂದ. ಒಳಗಿನ ವಿದ್ಯುನ್ಮಂಡಲ ಮಾತ್ರ ಪ್ರತಿ ಮಾದರಿಯಲ್ಲೂ ಬೇರೆ.

ಆದರೆ ಹಳೆಯ ಮೇಸ್ತ್ರಿಗಳಿಗೆ ಇನ್ನೊಂದು ವಿಷಯವೂ ಗೊತ್ತು. ಎರಡು ಕಾರ್ಖಾನೆಗಳ ಹೆಂಚನ್ನು ಬೆರೆಸಿ ಹೊದಿಸಿದರೆ ಎಲ್ಲೋ ಒಂದು ಸಂದಿನಲ್ಲಿ ಮಳೆನೀರು ಸೋರುತ್ತದೆ. ಪಿಡಿಪಿ-11ರ ಮಾದರಿಗಳಲ್ಲೂ ಅಂಥ ಸಂದುಗಳಿವೆ. ಈ ಲೇಖನದ ಮುಖ್ಯ ವಿಷಯ ಆ ಸಂದುಗಳೇ.

ಆದೇಶವನ್ನು ಓದುವುದು

ಪಿಡಿಪಿ-11ರ ಒಂದು ಪದದಲ್ಲಿ 16 ಬಿಟ್‌ಗಳಿವೆ. ಅವನ್ನು ಅಷ್ಟಮಾನ ಪದ್ಧತಿಯಲ್ಲಿ, ಅಂದರೆ 0ಯಿಂದ 7ರವರೆಗಿನ ಅಂಕಿಗಳಲ್ಲಿ, ಬರೆಯುವುದು ರೂಢಿ. ಹಾಗೆ ಬರೆದಾಗ ಆದೇಶದ ಅರ್ಥ ಕಣ್ಣಿಗೇ ಕಾಣುತ್ತದೆ. 010102 ಎಂಬ ಸಂಖ್ಯೆಯನ್ನು ನೋಡಿ. ಮೊದಲ ಎರಡು ಅಂಕಿ 01 ಎಂದರೆ ‘ಸಾಗಿಸು’. ನಡುವಿನ 01 ಎಂದರೆ ಆರ್1 ಎಂಬ ರಿಜಿಸ್ಟರಿನಿಂದ; ಕೊನೆಯ 02 ಎಂದರೆ ಆರ್2ಕ್ಕೆ. ಆರ್0ಯಿಂದ ಆರ್7ರವರೆಗೆ ಎಂಟು ರಿಜಿಸ್ಟರುಗಳಿವೆ. ಮುಂದಿನ ಆದೇಶ ಎಲ್ಲಿದೆ ಎಂಬ ವಿಳಾಸವನ್ನು ಹಿಡಿದಿರುವುದು ಆರ್7.

ಪ್ರತಿ ಜೋಡಿಯ ಮೊದಲ ಅಂಕಿ, ರಿಜಿಸ್ಟರನ್ನು ಹೇಗೆ ಬಳಸಬೇಕೆಂದು ಹೇಳುತ್ತದೆ. 0 ಇದ್ದರೆ ರಿಜಿಸ್ಟರಿನಲ್ಲಿರುವುದೇ ಬೆಲೆ. 2 ಇದ್ದರೆ ರಿಜಿಸ್ಟರಿನಲ್ಲಿರುವುದು ಸ್ಮೃತಿಯ ವಿಳಾಸ; ಅಲ್ಲಿ ಕೆಲಸ ಮಾಡಿ, ಆಮೇಲೆ ರಿಜಿಸ್ಟರನ್ನು ಮುಂದಿನ ವಿಳಾಸಕ್ಕೆ ಸರಿಸಬೇಕು. ಸ್ಮೃತಿಯಲ್ಲಿ ಪ್ರತಿ ಬೈಟಿಗೂ ಒಂದು ವಿಳಾಸವಿದೆ. 16 ಬಿಟ್ ಪದವೆಂದರೆ ಎರಡು ಬೈಟ್. ಹಾಗಾಗಿ ಮುಂದಿನ ಪದಕ್ಕೆ ಸರಿಯುವುದೆಂದರೆ ವಿಳಾಸಕ್ಕೆ 2 ಕೂಡುವುದು.

ಎಮ್ಯುಲೇಟರ್ ಎಂದರೆ ಈ ಆದೇಶಗಳನ್ನು ಒಂದೊಂದಾಗಿ ಓದಿ, ಅರ್ಥ ಮಾಡಿಕೊಂಡು, ನಡೆಸುವ ಒಂದು ತಂತ್ರಾಂಶ. ಅದು ನಿಮ್ಮ ಪಿಸಿಯ ಸ್ಮೃತಿಯಲ್ಲಿ ಎಂಟು ಸಂಖ್ಯೆಗಳನ್ನು ರಿಜಿಸ್ಟರುಗಳೆಂದೂ ಒಂದು ದೊಡ್ಡ ಸಾಲನ್ನು ಪಿಡಿಪಿ-11ರ ಸ್ಮೃತಿಯೆಂದೂ ಇಟ್ಟುಕೊಳ್ಳುತ್ತದೆ. ನಂತರ ಒಂದೇ ಸುತ್ತನ್ನು ಮತ್ತೆ ಮತ್ತೆ ಸುತ್ತುತ್ತದೆ: ಆರ್7 ತೋರಿಸುವ ವಿಳಾಸದಿಂದ ಒಂದು ಪದ ತೆಗೆದುಕೊ, ಆರ್7ಕ್ಕೆ 2 ಕೂಡು, ಪದವನ್ನು ಬಿಡಿಸಿ ನೋಡು, ಹೇಳಿದ ಕೆಲಸ ಮಾಡು. ಒಳಗಿನ ಹಳೆಯ ತಂತ್ರಾಂಶಕ್ಕೆ ತಾನು ಪಿಸಿಯ ಮೇಲಿರುವುದು ಗೊತ್ತಾಗುವುದಿಲ್ಲ.

ಈ ಬಗೆಯ ತಂತ್ರಾಂಶಗಳಲ್ಲಿ ಹೆಸರಾದದ್ದು ಸಿಮ್‌ಹೆಚ್. ಡೆಕ್ ಸಂಸ್ಥೆಯಲ್ಲಿಯೇ ಕೆಲಸ ಮಾಡಿದ ಬಾಬ್ ಸಪ್ನಿಕ್ 1993ರಲ್ಲಿ ಇದನ್ನು ಬರೆಯಲು ತೊಡಗಿದರು. ಇದು ಉಚಿತ, ಇದರ ಮೂಲ ಪಠ್ಯವೂ ಎಲ್ಲರಿಗೂ ಲಭ್ಯ. ಇದರಲ್ಲಿ ಪಿಡಿಪಿ-11ರ ಯಾವ ಮಾದರಿ ಬೇಕೆಂದು ಹೇಳಲು ಒಂದೇ ಸಾಲು ಸಾಕು.

ಒಂದೇ ಆದೇಶ, ಎರಡು ಉತ್ತರ

ಈಗ ಒಂದು ಪ್ರಯೋಗ. 1000 ಎಂಬ ವಿಳಾಸದಲ್ಲಿ 010020 ಎಂದೂ 1002ರಲ್ಲಿ 000000 ಎಂದೂ ಬರೆಯಿರಿ. ಎಲ್ಲವೂ ಅಷ್ಟಮಾನದ ಸಂಖ್ಯೆಗಳು. ಎರಡನೆಯದು ‘ನಿಲ್ಲು’ ಎಂಬ ಆದೇಶ. ಆರ್0ಯಲ್ಲಿ 2000 ಇಡಿ. 1000ದಿಂದ ಓಡಿಸಿ. ನಂತರ 2000 ವಿಳಾಸದಲ್ಲಿ ಏನಿದೆ ನೋಡಿ.

ಆದೇಶದ ಅರ್ಥ ಹೀಗಿದೆ: ಆರ್0ಯಲ್ಲಿರುವ ಬೆಲೆಯನ್ನು, ಆರ್0 ತೋರಿಸುವ ವಿಳಾಸಕ್ಕೆ ಸಾಗಿಸು, ಹಾಗೆಯೇ ಆರ್0ಗೆ 2 ಕೂಡು. ಪ್ರಶ್ನೆ ಏನೆಂದರೆ, ಸಾಗಿಸಬೇಕಾದ ಬೆಲೆಯನ್ನು ಎತ್ತಿಕೊಳ್ಳುವುದು 2 ಕೂಡುವ ಮೊದಲೋ ನಂತರವೋ?

ಎಮ್ಯುಲೇಟರನ್ನು 11/70 ಎಂದು ಹೊಂದಿಸಿದರೆ ಉತ್ತರ 2000. 11/40 ಎಂದು ಹೊಂದಿಸಿದರೆ ಉತ್ತರ 2002. ಎರಡೂ ಸರಿ! ನಿಜವಾದ ಯಂತ್ರಗಳು ನಡೆದುಕೊಂಡದ್ದೇ ಹಾಗೆ. 11/45 ಮತ್ತು 11/70ರ ವಿದ್ಯುನ್ಮಂಡಲ ಮೊದಲು ಬೆಲೆಯನ್ನು ಎತ್ತಿಕೊಂಡು ಆಮೇಲೆ ವಿಳಾಸದ ಲೆಕ್ಕ ಮಾಡುತ್ತಿತ್ತು. 11/20 ಮತ್ತು 11/40 ವಿಳಾಸದ ಲೆಕ್ಕ ಮುಗಿಸಿ ಆಮೇಲೆ ಬೆಲೆಯನ್ನು ಎತ್ತಿಕೊಳ್ಳುತ್ತಿದ್ದವು. ಒಪ್ಪಂದದಲ್ಲಿ ಈ ಮೂಲೆಯ ಬಗ್ಗೆ ಯಾರೂ ಖಚಿತವಾಗಿ ಬರೆದಿರಲಿಲ್ಲ. ಪ್ರತಿ ತಂಡವೂ ತನಗೆ ಅನುಕೂಲವಾದಂತೆ ಕಟ್ಟಿತು. ಆಮೇಲೆ ಡೆಕ್ ತನ್ನ ಕೈಪಿಡಿಯಲ್ಲಿ ಇಂಥ ವ್ಯತ್ಯಾಸಗಳನ್ನೆಲ್ಲ ಒಂದು ಕೋಷ್ಟಕವಾಗಿ ಪ್ರಕಟಿಸಿತು. ಇಂದು ಎಮ್ಯುಲೇಟರ್ ಬರೆಯುವವರಿಗೆ ಆ ಕೋಷ್ಟಕವೇ ಆಧಾರ.

ಇನ್ನೊಂದು ವ್ಯತ್ಯಾಸ. ಪದದ ಎರಡು ಬೈಟುಗಳನ್ನು ಅದಲುಬದಲು ಮಾಡುವ ಒಂದು ಆದೇಶವಿದೆ. ಲೆಕ್ಕದ ಉತ್ತರ ಹಿಡಿಸದೆ ಉಕ್ಕಿ ಹರಿಯಿತೆಂದು ಸೂಚಿಸುವ ‘ವಿ’ ಎಂಬ ಸೂಚಕ ಬಿಟ್ಟನ್ನು ಈ ಆದೇಶ ಬೇರೆ ಮಾದರಿಗಳಲ್ಲಿ ಸೊನ್ನೆ ಮಾಡುತ್ತದೆ. 11/20ರಲ್ಲಿ ಅದನ್ನು ಮುಟ್ಟುವುದೇ ಇಲ್ಲ.

ಸಿಮ್‌ಹೆಚ್ ಇದನ್ನು ನಿಭಾಯಿಸುವ ರೀತಿ ಸರಳವಾಗಿದೆ. ಪ್ರತಿ ಮಾದರಿಗೂ ಬೇರೆ ಬೇರೆ ತಂತ್ರಾಂಶ ಬರೆದಿಲ್ಲ. ಸಮಾನವಾದದ್ದನ್ನು ಒಮ್ಮೆ ಮಾತ್ರ ಬರೆದು, ವ್ಯತ್ಯಾಸ ಇರುವ ಜಾಗದಲ್ಲಿ ‘ಈಗಿನ ಮಾದರಿ ಈ ಗುಂಪಿಗೆ ಸೇರಿದೆಯೇ?’ ಎಂದು ಕೇಳುವ ಸಾಲನ್ನು ಇಟ್ಟಿದ್ದಾರೆ.

ಮಾಡಲಾರದ್ದನ್ನೂ ಅನುಕರಿಸಬೇಕು

ಇಲ್ಲಿ ನಿಮಗೊಂದು ಸಂದೇಹ ಬರಬಹುದು. ಇಷ್ಟೆಲ್ಲ ತಾಪತ್ರಯ ಏಕೆ? ಎಲ್ಲಕ್ಕಿಂತ ದೊಡ್ಡ ಮಾದರಿಯೊಂದನ್ನೇ ಅನುಕರಿಸಿ, ಚಿಕ್ಕ ಮಾದರಿಗಳ ತಂತ್ರಾಂಶವನ್ನು ಅದರಲ್ಲೇ ಓಡಿಸಬಾರದೇ? ಅಥವಾ ಎಲ್ಲ ಮಾದರಿಗಳ ಎಲ್ಲ ಸಾಮರ್ಥ್ಯಗಳನ್ನೂ ಕೂಡಿಸಿ ಒಂದು ಮಹಾಯಂತ್ರ ಮಾಡಬಾರದೇ?

ಹಳೆಯ ತಂತ್ರಾಂಶಗಳು ತಾವು ಯಾವ ಮಾದರಿಯ ಮೇಲೆ ಕೂತಿದ್ದೇವೆಂದು ತಿಳಿಯುತ್ತಿದ್ದ ಬಗೆಯನ್ನು ನೋಡಿದರೆ ಉತ್ತರ ಸಿಗುತ್ತದೆ. 000007 ಎಂಬ ಆದೇಶ ‘ನಿನ್ನ ಹೆಸರೇನು?’ ಎಂದು ಪ್ರೊಸೆಸರನ್ನು ಕೇಳುತ್ತದೆ. 11/44 ಆದರೆ ಆರ್0ಯಲ್ಲಿ 1 ಬರುತ್ತದೆ. 11/24 ಆದರೆ 3. 11/73ರಂಥ ನಂತರದ ಯಂತ್ರಗಳಾದರೆ 5. ಆದರೆ 11/40, 11/70 ಮುಂತಾದ ಮೊದಲಿನ ಯಂತ್ರಗಳಿಗೆ ಈ ಆದೇಶವೇ ತಿಳಿಯದು. ಆಗ ಅವು ಕೆಲಸ ನಿಲ್ಲಿಸಿ, ‘ಗೊತ್ತಿಲ್ಲದ ಆದೇಶ’ ಎಂದು 10ನೇ ವಿಳಾಸದ ಮೂಲಕ ಬೇರೆ ದಾರಿಗೆ ಹೊರಳುತ್ತವೆ. ಇದಕ್ಕೆ ಟ್ರ್ಯಾಪ್ ಎನ್ನುತ್ತಾರೆ. ಇಲ್ಲದ ವಿಳಾಸವನ್ನು ಮುಟ್ಟಿದರೆ 4ನೇ ವಿಳಾಸದ ಮೂಲಕ ಇಂಥದೇ ಟ್ರ್ಯಾಪ್ ಆಗುತ್ತದೆ. ತಂತ್ರಾಂಶ ಬೇಕೆಂದೇ ಎಡವಿ ನೋಡುತ್ತದೆ. ಎಲ್ಲಿ ಎಡವಿದೆ ಎಂಬುದರಿಂದ ಯಂತ್ರವನ್ನು ಗುರುತಿಸುತ್ತದೆ.

ಆದ್ದರಿಂದ 11/40ರ ಅನುಕರಣೆ ಸರಿಯಾಗಿರಬೇಕಾದರೆ, 11/40 ಮಾಡಬಲ್ಲದ್ದನ್ನು ಮಾಡಿದರೆ ಸಾಲದು. 11/40 ಮಾಡಲಾರದ್ದನ್ನು ಅದೂ ಮಾಡಬಾರದು. ಅದು ಎಡವುವಲ್ಲಿ ಇದೂ ಎಡವಬೇಕು. ಎಲ್ಲವನ್ನೂ ಬಲ್ಲ ಮಹಾಯಂತ್ರ ಯಾವ ನಿಜವಾದ ಯಂತ್ರದಂತೆಯೂ ಇರುವುದಿಲ್ಲ.

ಸ್ಮೃತಿಯ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. 11/20 ಮತ್ತು 11/03ರಲ್ಲಿ ವಿಳಾಸಕ್ಕೆ 16 ಬಿಟ್. ಅಂದರೆ 64 ಕಿಲೋಬೈಟ್. ಅದರಲ್ಲೂ ಕೊನೆಯ 8 ಕಿಲೋಬೈಟ್ ಉಪಕರಣಗಳಿಗೆ ಮೀಸಲು. 11/40 ಮತ್ತು 11/45ರಲ್ಲಿ 18 ಬಿಟ್, 256 ಕಿಲೋಬೈಟ್. 11/70ರಲ್ಲಿ 22 ಬಿಟ್, 4 ಮೆಗಾಬೈಟ್. ಇದಲ್ಲದೆ 11/45 ಮತ್ತು 11/70ರಲ್ಲಿ ಆದೇಶಗಳಿಗೆ ಒಂದು, ದತ್ತಾಂಶಕ್ಕೆ ಒಂದು ಎಂದು ಬೇರೆ ಬೇರೆ ವಿಳಾಸ ಕ್ಷೇತ್ರಗಳಿದ್ದವು, 11/40ರಲ್ಲಿ ಇರಲಿಲ್ಲ. ಈ ಕಾರಣದಿಂದ ಯುನಿಕ್ಸಿನ ಆರನೇ ಆವೃತ್ತಿಯಲ್ಲಿ ತೀರ ತಳಮಟ್ಟದ ಭಾಗವನ್ನು ಎರಡು ಬಾರಿ ಬರೆಯಬೇಕಾಯಿತು: 11/40ಕ್ಕೆ ಒಂದು ಕಡತ, 11/45 ಮತ್ತು 11/70ಕ್ಕೆ ಇನ್ನೊಂದು. 11/45ಕ್ಕಾಗಿ ಕಟ್ಟಿದ ಯುನಿಕ್ಸ್ 11/40ರಲ್ಲಿ ಏಳುವುದೇ ಇಲ್ಲ. ಆಸ್ಟ್ರೇಲಿಯದ ಜಾನ್ ಲಯನ್ಸ್ 1970ರ ದಶಕದಲ್ಲಿ ತಮ್ಮ ವಿದ್ಯಾರ್ಥಿಗಳಿಗಾಗಿ ಈ ಆರನೇ ಆವೃತ್ತಿಗೆ ಬರೆದ ಪ್ರಸಿದ್ಧ ವ್ಯಾಖ್ಯಾನ 11/40 ಅನ್ನು ಆಧರಿಸಿದೆ. ಅದನ್ನು ಓದುತ್ತಾ ಪ್ರಯೋಗ ಮಾಡಬಯಸುವವರು 11/40 ಅನ್ನೇ ಆರಿಸಿಕೊಳ್ಳಬೇಕು. ಹಳೆಯ ಯುನಿಕ್ಸ್ ಆವೃತ್ತಿಗಳನ್ನು ಉಚಿತವಾಗಿ ಬಳಸಲು 2002ರಲ್ಲಿ ಅನುಮತಿ ದೊರೆತಿರುವುದರಿಂದ ಕಾಲೇಜುಗಳಿಗೆ ಕಾನೂನಿನ ತೊಡಕೂ ಇಲ್ಲ.

ದೊಡ್ಡದು ಸೋತಲ್ಲಿ ಚಿಕ್ಕದು ಗೆದ್ದದ್ದು

ಈ ಪಾಠವನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ. 1990ರ ದಶಕದ ಆರಂಭದಲ್ಲಿ ನಾನು ಸಂಶೋಧನಾ ವಿದ್ಯಾರ್ಥಿಯಾಗಿದ್ದ ಪ್ರಯೋಗಾಲಯದಲ್ಲಿ ಗ್ಯಾಮಾ ಕಿರಣಗಳ ರೋಹಿತವನ್ನು ದಾಖಲಿಸಲು ಒಂದು 11/03 ಇತ್ತು. ಆಗಲೇ ಅದು ಹಳತು. ದಾಖಲೆಗಳೆಲ್ಲ 8 ಅಂಗುಲದ ಫ್ಲಾಪಿಗಳಲ್ಲಿ. ಒಂದೊಂದರಲ್ಲಿ 77 ಜಾಡು, ಜಾಡಿಗೆ 26 ತುಣುಕು, ತುಣುಕಿಗೆ 256 ಬೈಟ್, ಒಟ್ಟು 5,12,512 ಬೈಟ್. ಯಂತ್ರವನ್ನು ಗುಜರಿಗೆ ಕಳಿಸುವ ಮುನ್ನ ಅಲ್ಲಿನ ಹಿರಿಯ ತಂತ್ರಜ್ಞರೊಬ್ಬರು ಪ್ರತಿ ಬೈಟನ್ನೂ ತಂತಿಯ ಮೂಲಕ ಪಿಸಿಗೆ ಸಾಗಿಸಿ ಇಟ್ಟಿದ್ದರು. ‘ಮುಂದೆ ಬೇಕಾದೀತು’ ಎಂದಷ್ಟೇ ಅವರು ಹೇಳಿದ್ದು.

ಬೇಕಾಯಿತು. ವರ್ಷಗಳ ನಂತರ ಒಂದು ಅಳತೆಯನ್ನು ಮತ್ತೆ ಪರಿಶೀಲಿಸುವ ಸಂದರ್ಭ ಬಂದಾಗ ಆ ಕಡತಗಳನ್ನು ಸಿಮ್‌ಹೆಚ್‌ಗೆ ಕೊಟ್ಟೆ. ಮಾದರಿ ಯಾವುದಿರಲಿ, ದೊಡ್ಡದೇ ಇರಲಿ ಎಂದು 11/70 ಆರಿಸಿದೆ. ಕಾರ್ಯಾಚರಣ ವ್ಯವಸ್ಥೆ ಎದ್ದಿತು, ಕಡತಗಳ ಪಟ್ಟಿ ಬಂದಿತು. ಆದರೆ ವಿಶ್ಲೇಷಣೆಯ ಫೋರ್ಟ್ರಾನ್ ತಂತ್ರಾಂಶವನ್ನು ಓಡಿಸಿದ ಕೂಡಲೇ ‘10ಕ್ಕೆ ಟ್ರ್ಯಾಪ್’ ಎಂಬ ಸಂದೇಶ ಬಂದು ನಿಂತುಹೋಯಿತು.

ಕಾರಣ ಹೀಗಿದೆ. ದಶಮಾಂಶ ಭಾಗವೂ ಇರುವ ಸಂಖ್ಯೆಗಳ, ಅಂದರೆ ಫ್ಲೋಟಿಂಗ್ ಪಾಯಿಂಟ್ ಸಂಖ್ಯೆಗಳ, ಲೆಕ್ಕಕ್ಕೆ ಪಿಡಿಪಿ-11 ಮನೆತನದಲ್ಲಿ ಎರಡು ಬೇರೆ ಬೇರೆ ವ್ಯವಸ್ಥೆಗಳಿದ್ದವು. 11/45, 11/70ರಂಥ ದೊಡ್ಡ ಯಂತ್ರಗಳಲ್ಲಿ ಆರು ಪ್ರತ್ಯೇಕ 64 ಬಿಟ್ ರಿಜಿಸ್ಟರುಗಳುಳ್ಳ ಪೂರ್ಣ ಘಟಕ. 11/03 ಮತ್ತು 11/40ರಲ್ಲಿ, ಬೇಕೆಂದವರಿಗೆ ಮಾತ್ರ, ಕೂಡು, ಕಳೆ, ಗುಣಿಸು, ಭಾಗಿಸು ಎಂಬ ನಾಲ್ಕೇ ಆದೇಶಗಳ ಚಿಕ್ಕ ಘಟಕ. ಈ ನಾಲ್ಕು ಆದೇಶಗಳ ಸಂಖ್ಯೆಗಳು 11/70ಕ್ಕೆ ಅರ್ಥವಾಗುವುದಿಲ್ಲ. ನಮ್ಮ ಫೋರ್ಟ್ರಾನ್ ತಂತ್ರಾಂಶವನ್ನು ಆ ಚಿಕ್ಕ ಘಟಕಕ್ಕಾಗಿ ಕಟ್ಟಲಾಗಿತ್ತು.

ಮಾದರಿಯನ್ನು 11/03 ಎಂದು ಬದಲಿಸಿದೆ. ಮತ್ತೆ ಅದೇ ಟ್ರ್ಯಾಪ್! ಆಗ ನೆನಪಾಯಿತು: ಆ ಘಟಕ 11/03ರ ಜೊತೆಗೆ ತಾನಾಗಿ ಬರುತ್ತಿರಲಿಲ್ಲ, ಬೇರೆಯಾಗಿ ಕೊಂಡು ಫಲಕದ ಮೇಲೆ ಕೂರಿಸಬೇಕಿತ್ತು. ಎಮ್ಯುಲೇಟರಿನಲ್ಲೂ ಅದನ್ನು ಬೇರೆಯಾಗಿ ಕೇಳಬೇಕು. ಕೇಳಿದ ಮೇಲೆ ತಂತ್ರಾಂಶ ಓಡಿತು. ಮಾದರಿಯ ಹೆಸರೊಂದೇ ಸಾಲದು, ಅದರೊಡನೆ ಏನೇನು ಕೊಂಡಿದ್ದರು ಎಂಬ ದಾಖಲೆಯೂ ಬೇಕು ಎಂಬುದು ಅಂದು ಮನದಟ್ಟಾಯಿತು.

ನಾಲ್ಕು ಪಟ್ಟಿನ ಮೋಸ

ಇನ್ನೊಂದು ಮೋಸ ಇದಕ್ಕಿಂತ ಅಪಾಯಕರ. ಏಕೆಂದರೆ ಅದರಲ್ಲಿ ಟ್ರ್ಯಾಪ್ ಆಗುವುದಿಲ್ಲ, ಯಂತ್ರ ಸುಮ್ಮನೆ ತಪ್ಪು ಉತ್ತರ ಕೊಡುತ್ತದೆ.

ಎಮ್ಯುಲೇಟರಿನ ಗೊಡವೆಯೇ ಬೇಡ, ಕಡತದಲ್ಲಿರುವ ಸಂಖ್ಯೆಗಳನ್ನು ಪಿಸಿಯಲ್ಲೇ ನೇರವಾಗಿ ಓದೋಣ ಎಂದು ಅದಕ್ಕೂ ಮೊದಲು ನಾನು ಪ್ರಯತ್ನಿಸಿದ್ದೆ. ಬಂದ ಸಂಖ್ಯೆಗಳೆಲ್ಲ ಅರ್ಥವಿಲ್ಲದವು. 32 ಬಿಟ್‌ಗಳ ಸಂಖ್ಯೆಯಲ್ಲಿ ಪಿಡಿಪಿ-11 ಮೇಲಿನ 16 ಬಿಟ್‌ಗಳ ಪದವನ್ನು ಮೊದಲು ಇಡುತ್ತದೆ. ಪಿಸಿ ಕೆಳಗಿನದನ್ನು ಮೊದಲು ಇಡುತ್ತದೆ. ಉದಾಹರಣೆಗೆ 1.0 ಎಂಬ ಸಂಖ್ಯೆಯ ನಾಲ್ಕು ಬೈಟುಗಳು ಪಿಡಿಪಿ-11ರ ಫ್ಲಾಪಿಯಲ್ಲಿ ಕ್ರಮವಾಗಿ 128, 64, 0, 0. ಇದನ್ನು ತಿಳಿದು ಪದಗಳನ್ನು ಅದಲುಬದಲು ಮಾಡಿದೆ: 0, 0, 128, 64. ಈಗ ಸಂಖ್ಯೆಗಳು ನಂಬುವಂತೆ ಕಂಡವು. ಸೀಸಿಯಂ-137ರ ಕಡತದಲ್ಲಿ ಶಿಖರದ ಶಕ್ತಿ 2646.8 ಕಿಲೋಎಲೆಕ್ಟ್ರಾನ್‌ವೋಲ್ಟ್ ಎಂದು ಬಂದಿತು.

ಸೀಸಿಯಂ-137ರ ಗ್ಯಾಮಾ ಶಕ್ತಿ 661.7 ಎಂದು ಪದವಿ ತರಗತಿಯ ವಿದ್ಯಾರ್ಥಿಗೂ ಗೊತ್ತು. ಆದರೂ ನಾನು ಒಂದು ಸಂಜೆಯೆಲ್ಲ ದಾರಿ ತಪ್ಪಿದೆ. ಏಕೆಂದರೆ ಥೋರಿಯಂ ಸರಣಿಯ ಥ್ಯಾಲಿಯಂ-208 ಸೂಸುವ ಗ್ಯಾಮಾದ ಶಕ್ತಿ 2614.5. ನಮ್ಮ ಗ್ರಾನೈಟ್ ನೆಲದಲ್ಲಿ ಥೋರಿಯಂ ಇದ್ದೇ ಇದೆ. ನಮ್ಮದು ಸೋಡಿಯಂ ಅಯೊಡೈಡ್ ಶೋಧಕ. ಅದರಲ್ಲಿ ಆ ಶಕ್ತಿಯ ಬಳಿ 32 ಕಿಲೋಎಲೆಕ್ಟ್ರಾನ್‌ವೋಲ್ಟಿನ ವ್ಯತ್ಯಾಸ ಎದ್ದು ಕಾಣುವುದಿಲ್ಲ. ಕಡತದ ಹೆಸರು ಅದಲುಬದಲಾಗಿ ಹಿನ್ನೆಲೆ ವಿಕಿರಣದ ರೋಹಿತ ಸಿಕ್ಕಿರಬೇಕೆಂದು ನನಗೆ ನಾನೇ ಒಂದು ವಿವರಣೆ ಕಟ್ಟಿಕೊಂಡಿದ್ದೆ. ಕೋಬಾಲ್ಟ್-60ರ ಕಡತ ತೆರೆದಾಗ 4692.8 ಮತ್ತು 5330.0 ಬಂದವು. ಅಂಥ ಶಕ್ತಿಯ ಗ್ಯಾಮಾ ಹಿನ್ನೆಲೆ ವಿಕಿರಣದಲ್ಲಿ ಕಾಣುವಂಥದಲ್ಲ. ನಿಜವಾದ ಬೆಲೆಗಳು 1173.2 ಮತ್ತು 1332.5. ಭಾಗಿಸಿ ನೋಡಿ. ಎಲ್ಲವೂ ಸರಿಯಾಗಿ ನಾಲ್ಕು ಪಟ್ಟು.

ಇದರ ಲೆಕ್ಕ ಹೀಗಿದೆ. ಎರಡೂ ಪದ್ಧತಿಗಳಲ್ಲಿ ಒಂದು ಬಿಟ್ ಚಿಹ್ನೆಗೆ, 8 ಬಿಟ್ ಘಾತಕ್ಕೆ, 23 ಬಿಟ್ ಭಿನ್ನಾಂಶಕ್ಕೆ. ಇಂದಿನ ಪಿಸಿಗಳು ಅನುಸರಿಸುವ 1985ರ ಐಇಇಇ ಮಾನಕದಲ್ಲಿ ಭಿನ್ನಾಂಶವನ್ನು 1ರಿಂದ 2ರ ನಡುವೆ ಇಟ್ಟು, ಘಾತದಿಂದ 127 ಕಳೆಯುತ್ತಾರೆ. ಪಿಡಿಪಿ-11ರಲ್ಲಿ ಭಿನ್ನಾಂಶವನ್ನು ಅರ್ಧದಿಂದ 1ರ ನಡುವೆ ಇಟ್ಟು, ಘಾತದಿಂದ 128 ಕಳೆಯುತ್ತಿದ್ದರು. ಮೊದಲನೆಯದರಿಂದ ಎರಡು ಪಟ್ಟು, ಎರಡನೆಯದರಿಂದ ಇನ್ನೆರಡು ಪಟ್ಟು, ಒಟ್ಟು ನಾಲ್ಕು. ಘಾತದ ಬಿಟ್‌ಗಳು 0 ಅಥವಾ 255ಕ್ಕೆ ಹತ್ತಿರವಿರುವ ಅಂಚಿನ ಸಂಖ್ಯೆಗಳನ್ನು ಬಿಟ್ಟರೆ, ಪದಗಳನ್ನು ಅದಲುಬದಲು ಮಾಡಿ 4ರಿಂದ ಭಾಗಿಸಿದರೆ ಸರಿಯಾದ ಬೆಲೆ ಬರುತ್ತದೆ. ಎಮ್ಯುಲೇಟರಿನಲ್ಲಿ ಓಡಿಸಿದ ಹಳೆಯ ತಂತ್ರಾಂಶ ತಾನಾಗಿ 661.7 ಎಂದು ಮುದ್ರಿಸಿದಾಗ ನನ್ನ ಲೆಕ್ಕ ಸರಿಯೆಂದು ಖಾತರಿಯಾಯಿತು.

ಸೀಸಿಯಂ, ಕೋಬಾಲ್ಟುಗಳ ನಿಜವಾದ ಬೆಲೆ ಮೊದಲೇ ಗೊತ್ತಿತ್ತು. ಆದ್ದರಿಂದ ತಪ್ಪು ಸಿಕ್ಕಿತು. ಯಾರೂ ಹಿಂದೆ ಕಂಡಿರದ ಕಣವೊಂದರ ಜಾಡಿನ ದಾಖಲೆಯಾಗಿದ್ದರೆ? ಹೋಲಿಸಿ ನೋಡಲು ಏನೂ ಇರುತ್ತಿರಲಿಲ್ಲ. ಭೂಕಂಪದ ದಾಖಲೆಗಳ ಸ್ಥಿತಿಯೂ ಹೀಗೆಯೇ. 2007ರವರೆಗೆ ಕೋಲಾರ ಜಿಲ್ಲೆಗೇ ಸೇರಿದ್ದ ಗೌರಿಬಿದನೂರಿನಲ್ಲಿ 1965ರಿಂದ ಭೂಕಂಪಮಾಪಕಗಳ ಜಾಲವಿದೆ. ಒಂದು ದಿನ ಬಂದುಹೋದ ಕಂಪನವನ್ನು ಮತ್ತೆ ಕರೆದು ಅಳೆಯಲಾಗದು.

ಅನುಕರಣೆಯ ಮಿತಿ

ಎಮ್ಯುಲೇಟರ್ ಎಲ್ಲವನ್ನೂ ಮರಳಿ ಕೊಡುವುದಿಲ್ಲ. ಮುಖ್ಯವಾಗಿ ಅದು ಹಳೆಯ ಯಂತ್ರದ ಕಾಲವನ್ನು ಕೊಡುವುದಿಲ್ಲ. ನಿಜವಾದ ಯಂತ್ರದಲ್ಲಿ ಒಂದು ಆದೇಶಕ್ಕೆ ಕೆಲವು ಮೈಕ್ರೋಸೆಕೆಂಡು ಬೇಕಾಗುತ್ತಿತ್ತು. ಎಷ್ಟೆಂಬುದು ಮಾದರಿಯಿಂದ ಮಾದರಿಗೆ ಬೇರೆ. ಸಿಮ್‌ಹೆಚ್ ಸಾಮಾನ್ಯವಾಗಿ ಕಾಲವನ್ನು ಅಳೆಯುವುದು ಆದೇಶಗಳ ಎಣಿಕೆಯಿಂದ. ಡಿಸ್ಕು ಇಷ್ಟು ಆದೇಶಗಳ ನಂತರ ಉತ್ತರಿಸಲಿ ಎಂದು ಲೆಕ್ಕ ಇಡುತ್ತದೆ. ಆದ್ದರಿಂದ ಒಂದು ಆದೇಶಸುತ್ತನ್ನು ಸಾವಿರ ಬಾರಿ ಸುತ್ತಿಸಿ ಕಾಲವನ್ನು ಅಂದಾಜು ಮಾಡುತ್ತಿದ್ದ ಹಳೆಯ ಪ್ರಯೋಗದ ತಂತ್ರಾಂಶಗಳು ಇಲ್ಲಿ ಸರಿಯಾದ ಕಾಲ ತೋರಿಸಲಾರವು. ಸಂಖ್ಯೆಗಳ ವಿಶ್ಲೇಷಣೆಗೆ ಇದು ಅಡ್ಡಿಯಲ್ಲ. ಅಳತೆಯನ್ನೇ ಮತ್ತೆ ನಡೆಸಲು ಹೊರಟರೆ ಅಡ್ಡಿ.

ತರಗತಿಯಲ್ಲಿ ಒಂದು ಪ್ರಯೋಗ

ರಸಾಯನ ವಿಜ್ಞಾನದ ಪ್ರಾಯೋಗಿಕ ತರಗತಿಯಲ್ಲಿ ಲವಣ ವಿಶ್ಲೇಷಣೆ ಮಾಡುತ್ತೀರಲ್ಲವೇ? ಹಾಗೆಯೇ ಇಲ್ಲೂ ಮಾಡಬಹುದು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಈ ನಾಲ್ಕು ಊರುಗಳ ಕಾಲೇಜುಗಳು 11/20, 11/40, 11/45, 11/70 ಎಂಬ ಮಾದರಿಗಳಲ್ಲಿ ಒಂದೊಂದನ್ನು ಗುಟ್ಟಾಗಿ ಆರಿಸಿಕೊಳ್ಳಲಿ. ಉಳಿದವರು ಕೇವಲ ಆದೇಶಗಳನ್ನು ಕಳಿಸಿ, ಬಂದ ಉತ್ತರಗಳಿಂದ ಯಾರದು ಯಾವ ಮಾದರಿಯೆಂದು ಪತ್ತೆ ಹಚ್ಚಲಿ.

ಮೊದಲ ಪರೀಕ್ಷೆ ಮೇಲೆ ಹೇಳಿದ 010020. ಉತ್ತರ 2002 ಆದರೆ 11/20 ಅಥವಾ 11/40. 2000 ಆದರೆ 11/45 ಅಥವಾ 11/70. ಎರಡನೇ ಪರೀಕ್ಷೆ ಮೊದಲ ಜೋಡಿಗೆ: 000262, 000300, 000000 ಎಂಬ ಮೂರು ಪದಗಳು. ಮೊದಲನೆಯದು ವಿ ಸೂಚಕವನ್ನು 1 ಮಾಡುತ್ತದೆ, ಎರಡನೆಯದು ಆರ್0ಯ ಬೈಟುಗಳನ್ನು ಅದಲುಬದಲು ಮಾಡುತ್ತದೆ. ಕೊನೆಯಲ್ಲಿ ವಿ 1 ಆಗಿಯೇ ಉಳಿದರೆ ಅದು 11/20. ಮೂರನೇ ಪರೀಕ್ಷೆ ಎರಡನೇ ಜೋಡಿಗೆ: 013701, 177760, 000000. ಇದು 177760 ವಿಳಾಸವನ್ನು ಓದಲು ಯತ್ನಿಸುತ್ತದೆ. 11/70ರಲ್ಲಿ ಅಲ್ಲಿ ಸ್ಮೃತಿಯ ಗಾತ್ರವನ್ನು ಹೇಳುವ ರಿಜಿಸ್ಟರು ಇದೆ. 11/45ರಲ್ಲಿ ಅಲ್ಲೇನೂ ಇಲ್ಲ. 4ಕ್ಕೆ ಟ್ರ್ಯಾಪ್ ಆಗುತ್ತದೆ. ಪರೀಕ್ಷೆಗೆ ಮುನ್ನ ಆರ್6ರಲ್ಲಿ 700ರಂಥ ಒಂದು ವಿಳಾಸವನ್ನೂ, 4ನೇ ವಿಳಾಸದಲ್ಲಿ ‘ನಿಲ್ಲು’ ಆದೇಶ ಇರುವ ಬೇರೊಂದು ಸ್ಥಳದ ವಿಳಾಸವನ್ನೂ ಬರೆದಿಡಿ. ಯಂತ್ರ ಎಲ್ಲಿ ನಿಂತಿತೆಂಬುದೇ ಉತ್ತರ.

ಇದಕ್ಕೆ ಹೊಸ ಕಂಪ್ಯೂಟರ್ ಬೇಕಿಲ್ಲ. 11/70ರ ಪೂರ್ಣ ಸ್ಮೃತಿಯೇ 4 ಮೆಗಾಬೈಟ್. ಪ್ರಯೋಗಾಲಯದ ಮೂಲೆಗೆ ಸೇರಿರುವ ಹಳೆಯ ಪಿಸಿ ಧಾರಾಳ ಸಾಕು.

ಕೊನೆಯದಾಗಿ ಒಂದು ಮಾತು. ಪಿಡಿಪಿ-11 ಬದುಕಿ ಉಳಿದದ್ದು ಯಂತ್ರಗಳು ಉಳಿದಿದ್ದರಿಂದಲ್ಲ, ಕೈಪಿಡಿಗಳು ಉಳಿದಿದ್ದರಿಂದ. ಡೆಕ್ ಸಂಸ್ಥೆಯನ್ನು 1998ರಲ್ಲಿ ಕಾಂಪ್ಯಾಕ್ ಕೊಂಡಿತು; ಆದರೆ ವ್ಯತ್ಯಾಸಗಳ ಆ ಕೋಷ್ಟಕ ಅನೇಕರ ಕಪಾಟುಗಳಲ್ಲಿ ಉಳಿದಿತ್ತು. ನಮ್ಮ ದೇಶದಲ್ಲೂ ಮಿನಿಕಂಪ್ಯೂಟರ್ ಮನೆತನವೊಂದು ಹುಟ್ಟಿತ್ತು. 1969ರಲ್ಲಿ ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ 12 ಬಿಟ್‌ಗಳ ಟಿಡಿಸಿ-12 ಸಿದ್ಧವಾಯಿತು; ಹೈದರಾಬಾದಿನ ಇಸಿಐಎಲ್ ಮುಂದೆ ಟಿಡಿಸಿ-312 ಮತ್ತು 16 ಬಿಟ್‌ಗಳ ಟಿಡಿಸಿ-316 ತಯಾರಿಸಿತು. ಇಂಥ ಯಾವುದೇ ಯಂತ್ರದ ಆದೇಶಗಳ ಪಟ್ಟಿ, ಮಂಡಲಚಿತ್ರ, ಫ್ಲಾಪಿ, ಕೊನೆಗೆ ಏನೇನು ಕೊಂಡೆವೆಂಬ ರಸೀದಿ ನಿಮ್ಮ ಕಾಲೇಜಿನ ಬೀರುವಿನಲ್ಲಿದ್ದರೆ ಅದನ್ನು ರದ್ದಿಗೆ ಹಾಕಬೇಡಿ. ಪುಟಗಳ ಚಿತ್ರ ತೆಗೆದಿಡಿ, ಫ್ಲಾಪಿಯ ಬೈಟುಗಳನ್ನು ನಕಲು ಮಾಡಿಡಿ, ಪಕ್ಕದಲ್ಲಿ ಯಂತ್ರದ ಮಾದರಿಯ ಸಂಖ್ಯೆಯನ್ನು ಬರೆದಿಡಿ. ನನ್ನ ಫ್ಲಾಪಿಗಳನ್ನು ಉಳಿಸಿಕೊಟ್ಟ ಆ ತಂತ್ರಜ್ಞರು ಮಾಡಿದ್ದೂ ಇಷ್ಟೇ ಕೆಲಸ.